ಎ320: ಹಸಿರು ಹೈಡ್ರಾಲಿಕ್ ಲೀಕ್ ಆದರೆ ಹಳದಿಯೂ ಯಾಕೆ ಹೋಗುತ್ತದೆ?

ಟಿಳಕವಾಡಿ ಹುಡುಗ:
ನಮಸ್ಕಾರ ಎಲ್ಲರಿಗೂ. ಮನೆಯ ಸಿಮ್ಯುಲೇಟರ್‌ನಲ್ಲಿ ಏರ್‌ಬಸ್ ಎ320 ವಿಮಾನ ಹಾರಿಸುತ್ತಾ ಬೆಂಗಳೂರಿನಿಂದ ಬೆಳಗಾವಿಯ ನಮ್ಮ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದೆ. ಇದರಲ್ಲಿ ಚಕ್ರ, ಬ್ರೇಕ್, ಫ್ಲಾಪ್ ಇತ್ಯಾದಿ ಎಣ್ಣೆಯ ಒತ್ತಡದಿಂದ ನಡೆಸುವ ಹಸಿರು, ಹಳದಿ, ನೀಲಿ ಎಂಬ ಮೂರು ಹೈಡ್ರಾಲಿಕ್ ಸಿಸ್ಟಮ್ ಇವೆ. ದಾವಣಗೆರೆ ದಾಟುವಾಗ 'ಟಿಂಗ್' ಅಂತು, ಮಾಸ್ಟರ್ ಕಾಷನ್ ದೀಪ ಹತ್ತಿತು. ಹಸಿರು ಸಿಸ್ಟಮ್‌ನ ಟ್ಯಾಂಕಿನಲ್ಲಿ ಎಣ್ಣೆ ಕಮ್ಮಿ ಎಂದು ಇಕ್ಯಾಮ್ (ದೋಷ ಮತ್ತು ಮಾಡಬೇಕಾದ ಕೆಲಸ ತೋರಿಸುವ) ಪರದೆಯಲ್ಲಿ ಬಂತು. ಗಾಬರಿಯಲ್ಲಿ ಹಸಿರಿಗೆ ಒತ್ತಡ ಕೊಡುವ 1ನೇ ಎಂಜಿನ್ ಪಂಪ್ ಆಫ್ ಮಾಡಿದೆ. ಪಿಟಿಯು ಎಂಬ ಯಂತ್ರ ತಾನಾಗಿ ಓಡತೊಡಗಿತು. ಹಳದಿಯಿಂದ ಹಸಿರಿಗೆ ಶಕ್ತಿ ಕೊಡುವುದು ಅದೇ ಅಲ್ವಾ, ಇರಲಿ ಅಂತ ಬಿಟ್ಟೆ. ಸ್ವಲ್ಪ ಹೊತ್ತಿಗೆ ಹಳದಿಯೂ ಹೋಯಿತು. ಆಟೋಪೈಲಟ್ ಇಲ್ಲ, ರೆಕ್ಕೆಯ ಫ್ಲಾಪ್ ಇಲ್ಲ. 2300 ಮೀಟರ್ ರನ್‌ವೇ ಸಾಲದೆ ಹೊರಗೆ ಹೋದೆ. ಮೂರು ಸಲ ಹೀಗೇ ಆಗಿದೆ. ಸಾಫ್ಟ್‌ವೇರ್ ತಪ್ಪಾ?

ಗೋಕಾಕದವ:
ಇಲ್ಲ ತಮ್ಮಾ, ಸಾಫ್ಟ್‌ವೇರ್ ಸರಿಯಾಗೇ ಇದೆ. ಇಕ್ಯಾಮ್‌ನಲ್ಲಿ ಪಿಟಿಯು ಆಫ್ ಎಂಬ ಸಾಲೂ ಇರುತ್ತದೆ. ಅದನ್ನು ನೀವು ಬಿಟ್ಟಿದ್ದೀರಿ.

ಪಿಟಿಯು ಎಣ್ಣೆ ಸಾಗಿಸುವುದಿಲ್ಲ, ತಿರುಗುವ ಶಕ್ತಿ ಮಾತ್ರ ಕೊಡುತ್ತದೆ. ಎರಡು ಸಿಸ್ಟಮ್ ನಡುವೆ 500 ಪಿಎಸ್‌ಐ (ಒತ್ತಡದ ಅಳತೆ) ವ್ಯತ್ಯಾಸ ಬಂದರೆ ತಾನೇ ಶುರುವಾಗುತ್ತದೆ. ಹಸಿರಿನ ಪಂಪ್ ಮಾತ್ರ ಕೆಟ್ಟಿದ್ದರೆ ಇದು ದೊಡ್ಡ ಸಹಾಯ. ಆದರೆ ನಿಮಗೆ ಎಣ್ಣೆಯೇ ಸೋರಿ ಹೋಗಿದೆ. ಬೋರು ಬತ್ತಿದ ಮೇಲೂ ಮೋಟರ್ ಓಡಿಸಿದರೆ ಏನಾಗುತ್ತದೆ? ಹಾಗೇ ಇದೂ. ಎತ್ತಲು ಎಣ್ಣೆ ಇಲ್ಲದೆ ಪಿಟಿಯು ಜಾಸ್ತಿ ವೇಗದಲ್ಲಿ ಸುತ್ತುತ್ತದೆ. ಅದನ್ನು ತಿರುಗಿಸುವ ಹಳದಿ ಎಣ್ಣೆ ಕಾದು ಹೋಗುತ್ತದೆ. ಆಗ ಹಳದಿಯೂ ಹೋಗಿ ಕೊನೆಗೆ ನೀಲಿ ಒಂದೇ ಉಳಿಯುತ್ತದೆ.

ಇನ್ನೊಂದು ಮಾತು, ಸಾಂಬ್ರಾಕ್ಕೇ ಬರಬೇಕೆಂಬ ಹಟ ಬಿಡಿ. ಹಸಿರು ಹೋದರೆ ಆಟೋಬ್ರೇಕ್ ಇಲ್ಲ, ಎಡಗಡೆ ಎಂಜಿನ್ನಿನ ರಿವರ್ಸ್ (ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ತಗ್ಗಿಸುವುದು) ಇಲ್ಲ. ನಿಲ್ಲಲು ಜಾಗ ಜಾಸ್ತಿ ಬೇಕು. ದಾವಣಗೆರೆಯಿಂದ ವಾಪಸ್ ತಿರುಗಿದರೆ ಬೆಂಗಳೂರಿನಲ್ಲಿ 4000 ಮೀಟರ್ ಸಿಗುತ್ತದೆ.

ಜಮಖಂಡಿ ಮಾಮಾ:
'ಗಾಬರಿಯಲ್ಲಿ' ಎಂದು ಓದಿ ನನಗೆ ಚಿಂತೆಯಾಯಿತು. ನಿಜವಾದ ಕಾಕ್‌ಪಿಟ್‌ನಲ್ಲಿ ಒಬ್ಬರು ವಿಮಾನ ಹಾರಿಸುತ್ತಲೇ ಇರುತ್ತಾರೆ, ಇನ್ನೊಬ್ಬರು ಇಕ್ಯಾಮ್ ಗಟ್ಟಿಯಾಗಿ ಓದುತ್ತಾರೆ. 1972ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಈಸ್ಟರ್ನ್ 401 ವಿಮಾನ ಬಿದ್ದಿದ್ದು ಚಕ್ರದ ದೀಪದ ಸುಟ್ಟ ಬಲ್ಬ್ ನೋಡುತ್ತಾ ಕೂತಿದ್ದರಿಂದ. ಎತ್ತರ ಇಳಿಯುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ನೀವು ಒಬ್ಬರೇ ಹಾರಿಸುವುದರಿಂದ ಮೊದಲು ಆಟೋಪೈಲಟ್, ವೇಗ, ಎತ್ತರ ನೋಡಿ. ಆಮೇಲೆ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿ.

ಟಿಳಕವಾಡಿ ಹುಡುಗ:
ಅಣ್ಣಾ, ಮಾಮಾ, ತುಂಬಾ ಧನ್ಯವಾದ. ನಿನ್ನೆ ರಾತ್ರಿ ಹಾಗೇ ಪ್ರತಿ ಸಾಲು ಓದಿ ಪಿಟಿಯು ಆಫ್ ಮಾಡಿದೆ. ಹಳದಿ ಕೊನೆಯವರೆಗೂ 3000 ಪಿಎಸ್‌ಐನಲ್ಲೇ ಇತ್ತು. ಬೆಂಗಳೂರಿಗೆ ತಿರುಗಿದೆ. ಆದರೆ ಚಕ್ರ ಇಳಿಯಲು ಲಿವರ್ ಕೆಲಸ ಮಾಡಲಿಲ್ಲ, ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಬೇಕಾಯಿತು.

ಗೋಕಾಕದವ:
ಚಕ್ರಕ್ಕೂ ಹಸಿರೇ ಬೇಕು. ವೇಗ 200 ನಾಟ್ ಒಳಗೆ ತನ್ನಿ. ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್ (ಲಿವರ್‌ಗಳಿರುವ ಕಟ್ಟೆ) ಹಿಂಬದಿಯ ಹ್ಯಾಂಡಲ್ ಎಳೆದು, ಗಡಿಯಾರದ ದಿಕ್ಕಿಗೆ ಮೂರು ಸುತ್ತು ತಿರುಗಿಸಿ. ತನ್ನ ಭಾರಕ್ಕೇ ಚಕ್ರ ಇಳಿಯುತ್ತದೆ. ಮತ್ತೆ ಮೇಲಕ್ಕೆ ಎತ್ತಲು ಆಗುವುದಿಲ್ಲ, ಹಾಗಾಗಿ ರನ್‌ವೇಗೆ ಇಳಿಯುವುದು ಖಾತ್ರಿಯಾದ ಮೇಲೇ ಮಾಡಿ.