ಎದೆ, ತೋಳು ತುಂಬಿವೆ, ಕಾಲು ಸಣ್ಣ: ಕೆಳಭಾಗ ಸಮಕ್ಕೆ ಬರಬೇಕಾದರೆ ಏನು ಬದಲಿಸಬೇಕು?

ತೂಕದಕಲ್ಲು (ಪ್ರಶ್ನೆ)

ವಯಸ್ಸು 27, ಎತ್ತರ 172 ಸೆಂ.ಮೀ., ತೂಕ 68 ಕೆ.ಜಿ. ಎದೆ 101, ತೋಳು 36, ತೊಡೆ 51, ಮೀನಖಂಡ 33 ಸೆಂ.ಮೀ. ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಬಾರ್ ಎತ್ತುವುದು) 80 ಕೆ.ಜಿ.ಗೆ 5 ರೆಪ್ಸ್, ಅಂದರೆ ಒಂದೇ ಸಮನೆ 5 ಸಲ; ಸ್ಕ್ವಾಟ್ (ಬಾರ್ ಹೊತ್ತು ಕೂತೇಳುವುದು) 90ಕ್ಕೆ 5. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಶುಕ್ರವಾರ ತೋಳು, ಶನಿವಾರ ಕಾಲು. ಕಾಲಿನ ದಿನ ಸ್ಕ್ವಾಟ್, ಲೆಗ್ ಎಕ್ಸ್‌ಟೆನ್ಷನ್ (ಕೂತು ಮಂಡಿ ಚಾಚುವುದು), ಮೀನಖಂಡ (ಹಿಮ್ಮಡಿ ಎತ್ತಿ ಇಳಿಸುವುದು), ತಲಾ 3 ಸೆಟ್ (ಸುತ್ತು). ಜಿಮ್ಮಿನಲ್ಲಿ ಬಾರ್ ಇಡುವ ಒಂದು ರ‍್ಯಾಕ್, 30 ಕೆ.ಜಿ.ವರೆಗೆ ಡಂಬೆಲ್, ಮಲಗಿ ಮಂಡಿ ಮಡಚುವ ಲೆಗ್ ಕರ್ಲ್ ಮಷಿನ್ ಇವೆ. ಲೆಗ್ ಪ್ರೆಸ್ ಇಲ್ಲ. ಮೇಲ್ಭಾಗದ ವ್ಯಾಯಾಮ ಪೂರ್ತಿ ನಿಲ್ಲಿಸಬೇಕಾ? ಬೆಳಿಗ್ಗೆ 200 ಬಸ್ಕಿ ಸೇರಿಸಿದರೆ ಉಪಯೋಗ ಇದೆಯಾ?

ಕಬ್ಬಿಣದಕಡಲೆ

ನಿಲ್ಲಿಸಬೇಡಿ, ತಗ್ಗಿಸಿ. ಸ್ನಾಯು ಬೆಳೆಸುವುದಕ್ಕೆ ಬೇಕಾಗುವಷ್ಟು ಕೆಲಸ ಬೆಳೆದದ್ದನ್ನು ಉಳಿಸಿಕೊಳ್ಳಲು ಬೇಡ. ಎದೆಗೆ ವಾರಕ್ಕೆ 5 ಸೆಟ್, ಬೆನ್ನಿಗೆ 6, ಭುಜಕ್ಕೆ ಮತ್ತು ತೋಳಿಗೆ 3–4 ಸಾಕು. ಆದರೆ ಬೆಂಚಿನಲ್ಲಿ 80 ಕೆ.ಜಿ. 80 ಆಗಿಯೇ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಸೆಟ್ ಹಾಗೇ ಇಟ್ಟುಕೊಂಡು ತೂಕ ಇಳಿಸುತ್ತಾರೆ, ಆಮೇಲೆ ಎದೆ ಇಳಿಯಿತು ಅಂತ ಗಾಬರಿಯಾಗುತ್ತಾರೆ.

ನಿಮ್ಮ ಪಟ್ಟಿಯಲ್ಲಿ ತೊಡೆಯ ಹಿಂಭಾಗಕ್ಕೆ ಒಂದು ಸೆಟ್ ಕೂಡ ಇಲ್ಲ. ಸ್ಕ್ವಾಟ್ ಅದನ್ನು ನೋಡಿಕೊಳ್ಳುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಆ ಸ್ನಾಯು ಸೊಂಟ, ಮಂಡಿ ಎರಡೂ ಕೀಲುಗಳನ್ನು ದಾಟುತ್ತದೆ. ಸ್ಕ್ವಾಟಿನಲ್ಲಿ ಕೆಳಗಿಳಿದಾಗ ಸೊಂಟದ ಕಡೆ ಎಳೆದುಕೊಳ್ಳುತ್ತದೆ, ಮಂಡಿಯ ಕಡೆ ಸಡಿಲವಾಗುತ್ತದೆ, ಉದ್ದ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅದಕ್ಕೆ ಬೇರೆಯೇ ಕೆಲಸ ಕೊಡಬೇಕು.

ಕಾಲನ್ನು ಶನಿವಾರದಿಂದ ಸೋಮವಾರಕ್ಕೆ ತನ್ನಿ, ಇನ್ನೊಂದು ದಿನ ಗುರುವಾರ. ಮಂಗಳವಾರ, ಶುಕ್ರವಾರ ಮೇಲ್ಭಾಗ.

ಸೋಮವಾರ: ಸ್ಕ್ವಾಟ್ 4×6–8 (4 ಸೆಟ್, ಒಂದೊಂದರಲ್ಲಿ 6–8 ರೆಪ್ಸ್), ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಸ್ವಲ್ಪವೇ ಮಡಚಿ, ಸೊಂಟ ಹಿಂದಕ್ಕೆ ತಳ್ಳಿ ಬಾರ್ ಇಳಿಸುವುದು) 3×8–10, ಲೆಗ್ ಎಕ್ಸ್‌ಟೆನ್ಷನ್ 2×12–15, ನಿಂತು ಮೀನಖಂಡ 4×8–12.
ಗುರುವಾರ: ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ (ಹಿಂದಿನ ಕಾಲು ಬೆಂಚಿನ ಮೇಲಿಟ್ಟು ಮುಂದಿನ ಕಾಲಲ್ಲಿ ಕೂತೇಳುವುದು) ಒಂದೊಂದು ಕಾಲಿಗೆ 3×8–10, ಲೆಗ್ ಕರ್ಲ್ 4×10–12, ಹಿಪ್ ಥ್ರಸ್ಟ್ (ಬೆನ್ನನ್ನು ಬೆಂಚಿಗೆ ಆನಿಸಿ ಸೊಂಟ ಮೇಲೆತ್ತುವುದು) 3×8–12, ಮತ್ತೆ ಮೀನಖಂಡ 4 ಸೆಟ್.

ಸ್ಕ್ವಾಟ್, ಡೆಡ್‌ಲಿಫ್ಟ್ ಸೆಟ್‌ಗಳ ನಡುವೆ 3 ನಿಮಿಷ ಬಿಡುವು. ಪ್ರತಿ ಸೆಟ್ಟಿನ ಕೊನೆಗೆ ಇನ್ನೊಂದೆರಡು ರೆಪ್ಸ್ ಆಗುತ್ತಿತ್ತು ಅನ್ನಿಸುವಲ್ಲಿ ನಿಲ್ಲಿಸಿ. ಸ್ಕ್ವಾಟಿನ ನಾಲ್ಕೂ ಸೆಟ್ಟಿನಲ್ಲಿ 8 ಬಂದರೆ ಮುಂದಿನ ವಾರ 2.5 ಕೆ.ಜಿ. ಏರಿಸಿ, ಅಂದರೆ ಬಾರಿನ ಒಂದೊಂದು ಕಡೆ 1.25. ಮೊದಲ ವಾರ ಮಾತ್ರ ಇದರ ಅರ್ಧ ಸೆಟ್ ಮಾಡಿ. ಪೂರ್ತಿ ಮಾಡಿದರೆ ಮೈಕೈ ನೋವಿನಲ್ಲಿ ಗುರುವಾರದ ಸರದಿ ಕೆಡುತ್ತದೆ.

ಹಿಮ್ಮಡಿನೆಲ

90 ಕೆ.ಜಿ. ಎಷ್ಟು ಆಳಕ್ಕೆ? ಅದು ಗೊತ್ತಾಗದೆ ಮೇಲಿನ ಪಟ್ಟಿ ಹಿಡಿದರೆ ಪ್ರಯೋಜನವಿಲ್ಲ. ಮೊಬೈಲನ್ನು ಸೊಂಟದ ಎತ್ತರಕ್ಕೆ, ಪಕ್ಕದಿಂದ ಇಟ್ಟು ಚಿತ್ರೀಕರಿಸಿ. ತೊಡೆ–ಹೊಟ್ಟೆ ಸೇರುವ ಮಡಿಕೆ ಮಂಡಿಯ ಮೇಲ್ತುದಿಗಿಂತ ಕೆಳಗೆ ಹೋಗಬೇಕು. ತೂಕ ಏರುತ್ತಾ ಆಳ ಬೆರಳು ಬೆರಳಾಗಿ ಕಡಿಮೆಯಾಗುತ್ತಾ ಬರುತ್ತದೆ, ಮಾಡುವವರಿಗೇ ತಿಳಿಯುವುದಿಲ್ಲ. ತೊಡೆ ಪೂರ್ತಿ ಎಳೆದುಕೊಂಡಿರುವ ಆ ಕೆಳಗಿನ ಭಾಗವೇ ಬೆಳವಣಿಗೆಗೆ ಹೆಚ್ಚು ಬೆಲೆಬಾಳುವುದು.

ಕೆಳಗೆ ಹೋದಾಗ ಹಿಮ್ಮಡಿ ಏಳುತ್ತದೆಯೇ? ಬರಿಗಾಲಲ್ಲಿ ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ನೋಡಿ. ಆಗದಿದ್ದರೆ ಅಡ್ಡಿ ಇರುವುದು ಕಣಕಾಲಿನಲ್ಲಿ. ಸದ್ಯಕ್ಕೆ ಹಿಮ್ಮಡಿಗಳ ಕೆಳಗೆ 2.5 ಕೆ.ಜಿ. ಪ್ಲೇಟ್ ಅಥವಾ ಗಟ್ಟಿ ಮರದ ಪಟ್ಟಿ ಇಟ್ಟು ಮಾಡಿ. ಓಟದ ಮೆತ್ತನೆ ಶೂ ಬೇಡ, ಭಾರ ಬಿದ್ದಾಗ ಅದು ಅಮುಕಿಕೊಂಡು ಪಾದ ಒಳಗೆ ವಾಲುತ್ತದೆ, ಹಿಂದೆಯೇ ಮಂಡಿಯೂ ಒಳಗೆ ಬರುತ್ತದೆ.

ರೊಮೇನಿಯನ್ ಡೆಡ್‌ಲಿಫ್ಟಿನಲ್ಲಿ ಬಾರ್ ತೊಡೆಗೆ ಉಜ್ಜಿಕೊಂಡೇ ಇಳಿಯಬೇಕು. ಸೊಂಟ ಹಿಂದಕ್ಕೆ ಹೋಗುವುದು ಎಲ್ಲಿ ನಿಂತಿತೋ ಅಲ್ಲಿಗೆ ಮುಗಿಯಿತು, ಸಾಮಾನ್ಯವಾಗಿ ಮಂಡಿಗಿಂತ ಸ್ವಲ್ಪ ಕೆಳಗೆ. ಅದಕ್ಕೂ ಕೆಳಗೆ ಇಳಿಸಲು ಹೋದರೆ ಬಾಗುವುದು ಬೆನ್ನು.

ಮೀನಖಂಡದಲ್ಲಿ ಪುಟಿಯುವುದೇ ದೊಡ್ಡ ತಪ್ಪು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ರಬ್ಬರಿನ ಹಾಗೆ ಎಳೆದು ಬಿಡುತ್ತದೆ, ಸ್ನಾಯು ಅರ್ಧ ಕೆಲಸ ಉಳಿಸಿಕೊಳ್ಳುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು ಪೂರ್ತಿ ಇಳಿಸಿ, ಕೆಳಗೆ 2 ಸೆಕೆಂಡ್ ನಿಂತು, ಆಮೇಲೆ ಏರಿ. ಮಂಡಿ ನೆಟ್ಟಗಿರಲಿ: ಮಡಚಿದರೆ ಹೊರಗೆ ಕಾಣುವ ದೊಡ್ಡ ಸ್ನಾಯು ಸಡಿಲವಾಗಿ, ಕೆಲಸ ಒಳಗಿನದಕ್ಕೆ ಹೋಗುತ್ತದೆ.

ಕೆಮ್ಮಣ್ಣು

ಬಸ್ಕಿ ಬಗ್ಗೆ. ಗರಡಿಯಲ್ಲಿ ಹೊಡೆಯುವ ಬಸ್ಕಿ ಒಳ್ಳೆಯ ವ್ಯಾಯಾಮ, ಅದರಲ್ಲಿ ಎರಡು ಮಾತಿಲ್ಲ. ಉಸಿರು, ಮಂಡಿಯ ತಾಳಿಕೆ, ಕಣಕಾಲಿನ ಸಡಿಲ ಮೂರೂ ಸಿಗುತ್ತವೆ. ಆದರೆ 90 ಕೆ.ಜಿ. ಹೊತ್ತ ಕಾಲಿಗೆ ಮೈಭಾರದ 200 ಬಸ್ಕಿ ಗಾತ್ರ ಕೊಡುವುದಿಲ್ಲ. ಸುಮಾರು 5ರಿಂದ 30 ರೆಪ್ಸ್ ಒಳಗೆ ಕಾಲು ಸೋಲುವಂಥ ಭಾರ ಬೇಕು, ಅದರಾಚೆಗೆ ಬೆಳೆಯುವುದು ದಮ್ಮು. ಅದೂ ಅಲ್ಲದೆ ಹಿಮ್ಮಡಿ ಎತ್ತಿ, ಮಂಡಿ ಮುಂದಕ್ಕೆ ಚಾಚಿ ಮಾಡುವುದರಿಂದ ಭಾರವೆಲ್ಲ ತೊಡೆಯ ಮುಂಭಾಗಕ್ಕೇ ಬೀಳುತ್ತದೆ. ಸೋಮವಾರ, ಗುರುವಾರ ಬೆಳಿಗ್ಗೆ ಬೇಡವೇ ಬೇಡ, ದಣಿದ ಕಾಲಲ್ಲಿ ಬಾರ್ ಹೊರಬೇಕಾಗುತ್ತದೆ. ಬಿಡಲು ಮನಸ್ಸಿಲ್ಲದಿದ್ದರೆ ಬುಧವಾರ 20ರಂತೆ ಎರಡು ಮೂರು ಸುತ್ತು ಹೊಡೆಯಿರಿ.

ಸಂಜೆಸಾಮು

ನನ್ನದು ಇದರ ತಿರುಗುಮುರುಗು. ಸೊಂಟ, ತೊಡೆ ಅಗಲ, ಭುಜ ಕಿರಿದು. ಕಾಲಿನ ವ್ಯಾಯಾಮ ಬಿಟ್ಟರೆ ತೊಡೆ ಕರಗುತ್ತದೆಯೇ?

ಕಬ್ಬಿಣದಕಡಲೆ

ಇಲ್ಲ ಮೇಡಂ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕು ಅನ್ನುವುದು ವ್ಯಾಯಾಮದ ಕೈಯಲ್ಲಿಲ್ಲ. ಹೆಂಗಸರಲ್ಲಿ ತೊಡೆಯ ಕೊಬ್ಬು ಸಾಮಾನ್ಯವಾಗಿ ಕೊನೆಗೇ ಜಗ್ಗುವುದು. ಸೊಂಟದ ಮೂಳೆಯ ಅಗಲವಂತೂ ಬದಲಾಗದು. ಕಾಲಿಗೆ ವಾರಕ್ಕೆ 5–6 ಸೆಟ್ ಉಳಿಸಿಕೊಂಡು, ಭುಜದ ಪಕ್ಕಕ್ಕೆ ಲ್ಯಾಟರಲ್ ರೇಸ್ 10–12 ಸೆಟ್ (ಕೈಗಳನ್ನು ಪಕ್ಕಕ್ಕೆ ಎತ್ತುವುದು, 3–4 ಕೆ.ಜಿ. ಡಂಬೆಲ್, 12–20 ರೆಪ್ಸ್, ಮೊಣಕೈ ಭುಜದ ಮಟ್ಟಕ್ಕೆ ಬಂದರೆ ಸಾಕು), ಬೆನ್ನಿಗೆ ಲ್ಯಾಟ್ ಪುಲ್‌ಡೌನ್ (ಮೇಲಿನ ಬಾರನ್ನು ಎದೆಗೆ ಎಳೆಯುವುದು) ಮತ್ತು ರೋ (ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು) ಸೇರಿ 10 ಸೆಟ್ ಮಾಡಿ. ಮೇಲೆ ಅಗಲವಾದಂತೆ ಸೊಂಟ ತಾನಾಗಿಯೇ ಹದಕ್ಕೆ ಕಾಣುತ್ತದೆ.

ತೂಕದಕಲ್ಲು

ಚಿತ್ರೀಕರಿಸಿ ನೋಡಿದೆ. 90ಕ್ಕೆ ನಾಲ್ಕು ಬೆರಳು ಮೇಲೇ ನಿಲ್ಲುತ್ತಿದೆ. 65ಕ್ಕೆ ಪೂರ್ತಿ ಆಳ ಬರುತ್ತದೆ, ಹಿಮ್ಮಡಿ ಏಳುವುದಿಲ್ಲ.

ಹಿಮ್ಮಡಿನೆಲ

ಹಾಗಾದರೆ 60ರಿಂದ ಶುರು ಮಾಡಿ, 3 ಸೆಕೆಂಡಿನಲ್ಲಿ ಇಳಿಯಿರಿ, ಕೆಳಗೆ ಒಂದು ಕ್ಷಣ ನಿಲ್ಲಿ. ಇಳಿಸಿದ 30 ಕೆ.ಜಿ. ಬಗ್ಗೆ ಬೇಜಾರು ಬೇಡ, ಆ ಭಾರ ಪೂರ್ತಿ ಆಳದಲ್ಲಿ ತೊಡೆಗೆ ಸಿಗುತ್ತಲೇ ಇರಲಿಲ್ಲ.

ಇನ್ನು ಊಟ. 68 ಕೆ.ಜಿ.ಗೆ ದಿನಕ್ಕೆ 110–130 ಗ್ರಾಂ ಪ್ರೋಟೀನ್. ಮೊಟ್ಟೆಯೊಂದಕ್ಕೆ 6 ಗ್ರಾಂ, 100 ಗ್ರಾಂ ಪನೀರಿಗೆ ಸುಮಾರು 18, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 26, ಅರ್ಧ ಲೀಟರ್ ಹಾಲಿಗೆ 16. ಮುದ್ದೆಯನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು 7 ಗ್ರಾಂ. ಜೊತೆಗಿರುವ ಹುರುಳಿ ಸಾರೂ ಕಟ್ಟು ಬಸಿದದ್ದಾದರೆ ಹೆಚ್ಚು ಕೊಡದು, ಕಾಳನ್ನೇ ತಿನ್ನಬೇಕು. ತೂಕ ತಿಂಗಳಿಗೆ ಮುಕ್ಕಾಲರಿಂದ ಒಂದು ಕೆ.ಜಿ. ಏರಲಿ. ತೂಕ ಏರದಂತೆ ಹಿಡಿದುಕೊಂಡು ತೊಡೆ ಬೆಳೆಸುವುದು ಬಲು ನಿಧಾನದ ಕೆಲಸ.

ಅಳತೆ ನಾಲ್ಕು ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದ ಮೇಲೆ, ಸ್ನಾಯು ಬಿಗಿ ಹಿಡಿಯದೆ ತೆಗೆಯಿರಿ. ತೊಡೆಗೆ ಮಂಡಿಚಿಪ್ಪಿನ ಮೇಲ್ತುದಿಯಿಂದ 20 ಸೆಂ.ಮೀ. ಅಳೆದು ಪೆನ್ನಿನಲ್ಲಿ ಗುರುತು ಹಾಕಿ, ಟೇಪನ್ನು ಅಲ್ಲೇ ಸುತ್ತಿ. ವ್ಯಾಯಾಮ ಮುಗಿದ ಕೂಡಲೇ ಅಳೆದರೆ ರಕ್ತ ತುಂಬಿ ದಪ್ಪ ತೋರಿಸುತ್ತದೆ, ಆ ಅಂಕಿ ಬರೆದುಕೊಳ್ಳಬೇಡಿ.