ವಿದೇಶಿ ಹಡಗು, ವಿದೇಶಿ ಕಂಪನಿ, ನಮ್ಮ ಕಡಲು: ಕೇಸು ಎಲ್ಲಿ ಹಾಕಬೇಕು? (ಪ್ರಶ್ನೋತ್ತರ)

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕನ್ನಡಿಗರ ಈ ಗುಂಪಿನಲ್ಲಿ ಇವತ್ತು ಉತ್ತರ ಕೊಡುವವರು ಪುಣೆಯ ವಕೀಲರು. ಪರಿಸರ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠದಲ್ಲಿ ವಾದ ಮಾಡುತ್ತಾರೆ. ಒಂದು ದೇಶದಲ್ಲಿ ಆದ ಪರಿಸರ ಹಾನಿಗೆ ಇನ್ನೊಂದು ದೇಶದ ಕೋರ್ಟಿನಲ್ಲಿ ನಡೆಯುವ ಕೇಸುಗಳ ಮೇಲೆ ಸಂಶೋಧನೆಯನ್ನೂ ಮಾಡುತ್ತಿದ್ದಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ಡೊಂಬಿವಿಲಿ, ನಿವೃತ್ತ ಬ್ಯಾಂಕ್ ನೌಕರ: ನಮಸ್ಕಾರ ಮೇಡಂ. ನನಗೆ ಬಂದಿರುವ ಮೆಸೇಜಿನಲ್ಲಿ ಹೀಗಿದೆ: ಒಂದು ಲಕ್ಷ ಜನರ ಸಹಿ ಸೇರಿಸಿ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಇಮೇಲ್ ಕಳಿಸಿದರೆ ವಿದೇಶಿ ಕಂಪನಿಯಿಂದ ಪರಿಹಾರ ಕೊಡಿಸುತ್ತಾರೆ. ನಿಜವೇ?

ವಕೀಲರು: ನಿಜ ಅಲ್ಲ ಸರ್. ಹೇಗ್‌ನ ಆ ಕೋರ್ಟಿನಲ್ಲಿ ಕೇಸು ನಡೆಸುವುದು ದೇಶಗಳು ಮಾತ್ರ. ನೀವೂ ಹೋಗುವಂತಿಲ್ಲ, ನಾನೂ ಹೋಗುವಂತಿಲ್ಲ, ಕಂಪನಿಯನ್ನು ಅಲ್ಲಿಗೆ ಎಳೆಯುವಂತೆಯೂ ಇಲ್ಲ. 2025ರ ಜುಲೈ 23ರಂದು ಹವಾಮಾನ ಬದಲಾವಣೆ ಬಗ್ಗೆ ಅದು ಕೊಟ್ಟದ್ದು ಸಲಹಾ ಅಭಿಪ್ರಾಯ. ಕೇಳಿದ್ದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ. ತೂಕ ಇರುವ ಮಾತು ಅದು, ಆದರೆ ಯಾರಿಗೂ ದುಡ್ಡು ಕೊಡಿಸುವ ಆದೇಶ ಅಲ್ಲ.

ಘಾಟ್ಕೋಪರ್, ಕ್ಯಾಂಟೀನ್ ಮಾಲೀಕ: ಮುಂಬೈ ಕಡಲಲ್ಲಿ ವಿದೇಶಿ ಹಡಗು ಗಲೀಜು ಮಾಡಿದರೆ ಯಾರಾದರೂ ಯಾವತ್ತಾದರೂ ದಂಡ ಕಟ್ಟಿದ್ದಾರಾ ಮೇಡಂ?

ವಕೀಲರು: ದಂಡ ಹಾಕಿದ್ದು ಇದೆ. 2011ರ ಆಗಸ್ಟ್ 4ರಂದು ಪನಾಮಾ ಬಾವುಟದ ಎಂ.ವಿ. ರಾಕ್ ಕ್ಯಾರಿಯರ್ ಮುಂಬೈ ಕರಾವಳಿಯಾಚೆ ಮುಳುಗಿತು. ಇಂಡೋನೇಷ್ಯಾದಿಂದ ಗುಜರಾತಿನ ದಹೇಜ್‌ಗೆ ಹೊರಟಿದ್ದ 60,000 ಟನ್‌ಗೂ ಜಾಸ್ತಿ ಕಲ್ಲಿದ್ದಲು ಕಡಲಿನ ತಳ ಸೇರಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕತಾರ್ ಮೂಲದ ಹಡಗು ಕಂಪನಿಗೆ 100 ಕೋಟಿ ರೂಪಾಯಿ, ಕಲ್ಲಿದ್ದಲಿನ ಮಾಲೀಕರಿಗೆ 5 ಕೋಟಿ ರೂಪಾಯಿ ಕಟ್ಟಲು ಹೇಳಿತು. ಅರ್ಜಿ ಹಾಕಿದ್ದು ಸರ್ಕಾರ ಅಲ್ಲ, ಒಬ್ಬ ನಾಗರಿಕ. ಆದರೆ ಆದೇಶ ಬೇರೆ, ವಸೂಲಿ ಬೇರೆ. ಮುಳುಗಿದ ಹಡಗಿನಿಂದ ಏನು ವಸೂಲಿ ಮಾಡುತ್ತೀರಿ? ಅದಕ್ಕೇ 2017ರ ಅಡ್ಮಿರಾಲ್ಟಿ ಕಾಯ್ದೆ ಮುಖ್ಯ. ಅದರ ಪ್ರಕಾರ ಹೈಕೋರ್ಟು ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸಬಹುದು, ಅದೇ ಮಾಲೀಕರ ಬೇರೆ ಹಡಗನ್ನೂ ಹಿಡಿಯಬಹುದು. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಕೇರಳ ಸರ್ಕಾರ ಇದೇ ದಾರಿ ಹಿಡಿಯಿತು. 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು, ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಂಜಂನಲ್ಲಿ ತಡೆಸಿತು.

ಪುಣೆ, ಕಾನೂನು ವಿದ್ಯಾರ್ಥಿನಿ: ಮೇಡಂ, ಪಿಎಚ್‌ಡಿಗೆ ಇದೇ ವಿಷಯ ತೆಗೆದುಕೊಳ್ಳುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ? ಎಲ್ಲರೂ ಟ್ರೇಲ್ ಸ್ಮೆಲ್ಟರ್ ಕೇಸಿನಿಂದ ಅನ್ನುತ್ತಾರೆ.

ವಕೀಲರು: ಟ್ರೇಲ್ ಓದಲೇಬೇಕು. ಕೆನಡಾದ ಕಾರ್ಖಾನೆಯ ಹೊಗೆ ಅಮೆರಿಕದ ಹೊಲ ಹಾಳು ಮಾಡಿತ್ತು, 1941ರಲ್ಲಿ ಅಂತಿಮ ತೀರ್ಪು ಬಂತು. ಆದರೆ ಅಲ್ಲಿ ಹೊಡೆದಾಡಿದ್ದು ಎರಡು ಸರ್ಕಾರ. ನೀನು ಭೋಪಾಲದಿಂದ ಶುರು ಮಾಡಮ್ಮ. 1986ರಲ್ಲಿ ನ್ಯೂಯಾರ್ಕ್ ಕೋರ್ಟು ಈ ಕೇಸು ಭಾರತದಲ್ಲೇ ನಡೆಯಲಿ ಅಂತ ವಾಪಸ್ ಕಳಿಸಿತು. 1989ರಲ್ಲಿ 47 ಕೋಟಿ ಡಾಲರ್‌ಗೆ ರಾಜಿ ಆಯಿತು. ಅದರ ಪಕ್ಕದಲ್ಲಿ 2019ರ ಎರಡು ತೀರ್ಪು ಇಟ್ಟು ನೋಡು. ಒಂದು, ಜಾಂಬಿಯಾದ ತಾಮ್ರದ ಗಣಿಯ ನೀರು ಕುಡಿದ ಹಳ್ಳಿಯವರು ಬ್ರಿಟನ್ನಿನಲ್ಲಿ ನೋಂದಾಯಿತ ವೇದಾಂತ ಕಂಪನಿ ಮೇಲೆ ಹಾಕಿದ್ದು. ಇಂಗ್ಲೆಂಡಿನ ಸುಪ್ರೀಂ ಕೋರ್ಟು ಇಲ್ಲೇ ವಿಚಾರಣೆ ಆಗಬಹುದು ಅಂದಿತು. ಎರಡನೆಯದು, ಗುಜರಾತಿನ ಮುಂದ್ರಾದ ಮೀನುಗಾರರದು. ಅಲ್ಲಿಯ ವಿದ್ಯುತ್ ಸ್ಥಾವರಕ್ಕೆ ಸಾಲ ಕೊಟ್ಟ, ವಿಶ್ವ ಬ್ಯಾಂಕ್ ಗುಂಪಿನ ಹಣಕಾಸು ಸಂಸ್ಥೆ ಐಎಫ್‌ಸಿ ಮೇಲೆ ವಾಷಿಂಗ್ಟನ್‌ನಲ್ಲಿ ಕೇಸು ಹಾಕಿದರು. ಐಎಫ್‌ಸಿಗೆ ಕೇಸಿನಿಂದ ಸಂಪೂರ್ಣ ರಕ್ಷಣೆ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಎಲ್ಲರೂ ಹಬ್ಬ ಮಾಡಿದರು. ಮುಂದಿನ ವರ್ಷ ಕೆಳಗಿನ ಕೋರ್ಟು ಕೇಸನ್ನು ವಜಾ ಮಾಡಿತು. ಆ ಸುದ್ದಿ ಎಷ್ಟು ಜನಕ್ಕೆ ಗೊತ್ತು?

ಸಂಶೋಧಕರ ಮೇಲೆ ನನ್ನ ತಕರಾರು ಇದೇ. ಬಾಗಿಲು ತೆರೆದ ತೀರ್ಪಿನ ಮೇಲೆ ನೂರು ಪ್ರಬಂಧ ಬರುತ್ತವೆ. ಬಾಗಿಲ ಒಳಗೆ ಹೋದವರಿಗೆ ಏನಾಯಿತು ಅಂತ ಕೇಳುವವರು ಕಡಿಮೆ. ಜಾಂಬಿಯಾದ ಕೇಸು 2021ರಲ್ಲಿ ತಪ್ಪು ಒಪ್ಪಿಕೊಳ್ಳದೆ ರಾಜಿಯಲ್ಲಿ ಮುಗಿಯಿತು. ಆ ಹೊಳೆಯ ನೀರು ಈಗ ಹೇಗಿದೆ? ನಿನ್ನ ಪ್ರಬಂಧದಲ್ಲಿ ಆ ಪ್ರಶ್ನೆ ಇರಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಸಬಿನ್ ಕೇಂದ್ರದವರು ಹವಾಮಾನ ಕೇಸುಗಳ ಪಟ್ಟಿ ಇಟ್ಟಿದ್ದಾರೆ, ಉಚಿತ. ಅದನ್ನು ನೋಡು, ಆದರೆ ಅದಕ್ಕೇ ಅಂಟಿಕೊಳ್ಳಬೇಡ.

ಥಾಣೆ, ಐಟಿ ಉದ್ಯೋಗಿ: ಪೆರುವಿನ ರೈತ ಜರ್ಮನಿಯಲ್ಲಿ 500 ಕೋಟಿ ಗೆದ್ದ ಅಂತ ಓದಿದೆ. ನಮ್ಮ ರೈತರೂ ಹಾಕಬಹುದಲ್ವಾ?

ವಕೀಲರು: ಗೆದ್ದಿಲ್ಲ. ಹವಾಮಾನ ಬದಲಾವಣೆಯಿಂದ ಮನೆಗೆ ಪ್ರವಾಹದ ಅಪಾಯ ಅಂತ ಜರ್ಮನಿಯ ವಿದ್ಯುತ್ ಕಂಪನಿಯಿಂದ ಅವರು ಕೇಳಿದ್ದೇ ಸುಮಾರು 17,000 ಯೂರೋ. 2025ರ ಮೇ 28ರಂದು ಹಮ್ ನಗರದ ಹೈಕೋರ್ಟು ಅವರ ಮನೆಗೆ ಪ್ರವಾಹದ ಅಪಾಯ ಸಾಕಷ್ಟಿಲ್ಲ ಅಂತ ವಜಾ ಮಾಡಿತು. ದೊಡ್ಡದಾಗಿ ಹೊಗೆ ಉಗುಳುವ ಕಂಪನಿಯನ್ನು ಹೊಣೆ ಮಾಡಬಹುದು ಅನ್ನುವ ತತ್ವವನ್ನು ಮಾತ್ರ ಒಪ್ಪಿತು. ಅದು ಸಣ್ಣ ವಿಷಯ ಅಲ್ಲ. ಆದರೆ 500 ಕೋಟಿ ಅಲ್ಲ.

ಪನ್ವೇಲ್, ಗೃಹಿಣಿ: ನಮ್ಮ ಸೊಸೈಟಿಯ ಹಿಂದಿನ ನಾಲೆ ತುಂಬಾ ವಾಸನೆ. ಬಿಲ್ಡರ್ ದುಬೈನಲ್ಲಿದ್ದಾನೆ. ಇದೂ ಗಡಿ ದಾಟಿದ ಕೇಸು ಆಗುತ್ತದಾ?

ವಾಸ್ಕೊ, ಮೀನುಗಾರ: ಅಕ್ಕಾ, ನಮ್ಮ ಊರು ಭಟ್ಕಳ. ಗೋವಾದಲ್ಲಿ ಸಣ್ಣ ದೋಣಿ ಇಟ್ಟುಕೊಂಡಿದ್ದೇವೆ. ಮೇ ತಿಂಗಳಲ್ಲಿ ಕಡಲಿಂದ ಡಾಂಬರು ಉಂಡೆ ಬಂದು ಬಲೆಗೆಲ್ಲ ಮೆತ್ತಿಕೊಂಡಿತು. ಅರ್ಧ ಬಲೆ ಕತ್ತರಿಸಿ ಎಸೆದೆವು. ಎರಡು ವಾರ ಮೀನು ಹಿಡಿಯಲಿಲ್ಲ. ಈಗ ಒಬ್ಬ ಬಂದು, ಲಂಡನ್ನಿನಲ್ಲಿ ಕೇಸು ಹಾಕಿಸುತ್ತೇನೆ, ತಲೆಗೆ 4 ಲಕ್ಷ ಬರುತ್ತದೆ, 3,000 ಕೊಡಿ, ಆಧಾರ್ ಜೆರಾಕ್ಸ್ ಕೊಡಿ, ಇಲ್ಲಿ ಸಹಿ ಹಾಕಿ ಅನ್ನುತ್ತಾನೆ. ಕಾಗದ ಇಂಗ್ಲಿಷಿನಲ್ಲಿದೆ, ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ. ಓಣಿಯಲ್ಲಿ ಎಷ್ಟೋ ಜನ ಕೊಟ್ಟಾಗಿದೆ. ನಾನು ಕೊಡಲೋ ಬೇಡವೋ?

ವಕೀಲರು: ಕೊಡಬೇಡಿ ಅಣ್ಣಾ. ಸಹಿ ಹಾಕಬೇಡಿ. ಉಳಿದವರ ಪ್ರಶ್ನೆ ಕಾಯಲಿ, ಇದಕ್ಕೆ ಉದ್ದ ಬರೆಯುತ್ತೇನೆ.

ಅವನ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದಕ್ಕೇ ಭಯ. ತೈಲ ಹಡಗುಗಳಿಂದ ಆಗುವ ಹಾನಿಗೆ ಒಂದು ಅಂತರರಾಷ್ಟ್ರೀಯ ನಿಧಿ ಇದೆ, ಅದರ ಕಚೇರಿ ಲಂಡನ್ನಿನಲ್ಲೇ ಇದೆ. 1992ರ ಒಪ್ಪಂದದ ನಿಧಿ, ಭಾರತವೂ ಸೇರಿದೆ. ಮೀನುಗಾರರ ಹಾಳಾದ ಬಲೆಗೆ, ಕಳೆದುಕೊಂಡ ದುಡಿಮೆಗೆ ಅಲ್ಲಿಂದ ಪರಿಹಾರ ಸಿಗಬಹುದು. ಹಡಗು ಯಾವುದು ಅಂತ ಗೊತ್ತಾಗದಿದ್ದರೂ, ಎಣ್ಣೆ ಟ್ಯಾಂಕರಿನದು ಅಂತ ತೋರಿಸಿದರೆ ಕೇಳಬಹುದು. ಆದರೆ ಅರ್ಜಿಯನ್ನು ನೇರವಾಗಿ ಕೊಡಬಹುದು, ಏಜೆಂಟ್ ಬೇಕಿಲ್ಲ. ತಲೆಗೆ ಇಷ್ಟು ಅಂತ ಯಾರೂ ಮೊದಲೇ ಹೇಳಲು ಆಗುವುದಿಲ್ಲ. ಅವರು ಕೊಡುವುದು ಲೆಕ್ಕ ತೋರಿಸಿದ ನಷ್ಟಕ್ಕೆ.

ಖಾಲಿ ಜಾಗ ಬಿಟ್ಟ ಕಾಗದದಲ್ಲಿ ನಾಳೆ ಏನು ಬೇಕಾದರೂ ತುಂಬಬಹುದು. ನಿಮ್ಮ ಪರವಾಗಿ ರಾಜಿ ಮಾಡಿಕೊಳ್ಳುವ ಅಧಿಕಾರವನ್ನೂ ತುಂಬಬಹುದು. ಆಮೇಲೆ ನೀವು ನಿಜವಾದ ಕೇಸು ಹಾಕಲು ಹೋದರೆ, ನಿಮ್ಮ ಸಹಿ ಆಗಲೇ ಬೇರೆ ಕಡೆ ಇದೆ ಅಂತ ಎದುರು ಪಕ್ಷದವರು ಎತ್ತುತ್ತಾರೆ.

ಈಗ ಸಾಕ್ಷಿ. ನಿಮ್ಮ ಹತ್ತಿರ ಆ ಉಂಡೆ ಇನ್ನೂ ಇದೆಯಾ? ಡಾಂಬರು ಮೆತ್ತಿದ ಬಲೆಯ ತುಂಡು ಇದೆಯಾ? ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಪ್ಲಾಸ್ಟಿಕ್ಕಿನ ರಾಸಾಯನಿಕ ಅದಕ್ಕೆ ಸೇರಿಕೊಳ್ಳುತ್ತದೆ. ತೊಳೆದು ಒಣಗಿಸಿದ ಗಾಜಿನ ಬಾಟಲಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ, ಬಿಸಿಲು ಬೀಳದ ತಂಪು ಜಾಗ. ಬಾಟಲಿ ಮೇಲೆ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಸಿಕ್ಕಿತು, ಯಾರು ಹೆಕ್ಕಿದರು ಅಂತ ಬರೆದು ಇಬ್ಬರ ಸಹಿ ಮಾಡಿಸಿ. ಕಚ್ಚಾ ಎಣ್ಣೆಯಲ್ಲಿ ಹೋಪೇನ್, ಸ್ಟೆರೇನ್ ಅನ್ನುವ ಅಣುಗಳಿರುತ್ತವೆ. ಬಿಸಿಲು, ಅಲೆಗೆ ಅವು ಬೇಗ ಕರಗುವುದಿಲ್ಲ. ಅವುಗಳ ಪ್ರಮಾಣ ಹೋಲಿಸಿ ಎಣ್ಣೆ ಯಾವ ಮೂಲದ್ದು ಅಂತ ಹುಡುಕುತ್ತಾರೆ, ಅದು ಎಣ್ಣೆಯ ಬೆರಳಚ್ಚು ಇದ್ದ ಹಾಗೆ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವಾದ ಡಾಂಬರು ಉಂಡೆಗಳ ಮೇಲೆ ಇಂಥ ಕೆಲಸ ಮಾಡಿದೆ. ಕೆಲವು ಉಂಡೆ ಟ್ಯಾಂಕರ್ ತೊಳೆದ ಎಣ್ಣೆಯದು, ಕೆಲವು ಬಾಂಬೆ ಹೈ ತೈಲ ಕ್ಷೇತ್ರದ್ದು. ಈ ವ್ಯತ್ಯಾಸದ ಮೇಲೆಯೇ ನಿಮ್ಮ ಕೇಸು ನಿಂತಿದೆ. ಬಾಂಬೆ ಹೈನದು ಅಂತಾದರೆ ಲಂಡನ್ ಮಾತೇ ಇಲ್ಲ, ಎದುರಾಳಿ ನಮ್ಮ ದೇಶದಲ್ಲೇ ಇದ್ದಾರೆ.

ಗಡುವು ಬರೆದಿಟ್ಟುಕೊಳ್ಳಿ. ಆ ನಿಧಿಯಿಂದ ಪರಿಹಾರ ಕೇಳಲು, ಹಾನಿಯಾದ ದಿನದಿಂದ 3 ವರ್ಷ. ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರಕ್ಕೆ 5 ವರ್ಷ, ಬೇರೆ ಪರಿಸರ ವಿವಾದಕ್ಕೆ 6 ತಿಂಗಳು, ತಕ್ಕ ಕಾರಣ ಇದ್ದರೆ ಇನ್ನೂ 60 ದಿನ. ಗೋವಾದ ಕೇಸು ನಡೆಯುವುದು ನಮ್ಮ ಪುಣೆ ಪೀಠದಲ್ಲಿ. ಮೀನು ಮಾರಿದ ಚೀಟಿ, ಬಲೆ ಕೊಂಡ ರಸೀದಿ, ಡೀಸೆಲ್ ಬಿಲ್, ಹಿಂದಿನ ವರ್ಷದ ಮೇ ತಿಂಗಳ ಲೆಕ್ಕ ಎಲ್ಲ ಒಟ್ಟು ಮಾಡಿ. ಹೋದ ವರ್ಷದ್ದಿಲ್ಲದೆ ಈ ವರ್ಷದ ನಷ್ಟ ತೋರಿಸಲು ಆಗುವುದಿಲ್ಲ.

ಮಡಗಾಂವ್, ಸದಸ್ಯ: ಬಲೆಗೆ ಮೆತ್ತಿದ್ದು ಸೀಮೆಎಣ್ಣೆಯಲ್ಲಿ ನೆನೆಸಿದರೆ ಹೋಗುತ್ತದೆ. ಎಲ್ಲ ಗುಂಪಿನಲ್ಲೂ ಬಂದಿದೆ. ಉಂಡೆಯನ್ನು ಸುಣ್ಣ ಹಾಕಿ ಮರಳಿನಲ್ಲಿ ಹೂತರೆ ಮುಗಿಯಿತು.

ವಕೀಲರು: ದಯವಿಟ್ಟು ಇದನ್ನು ಹರಡಬೇಡಿ. ಸೀಮೆಎಣ್ಣೆಯೂ ಪೆಟ್ರೋಲಿಯಂ. ಬಲೆಗೆ ಸುರಿದರೆ ಎಣ್ಣೆಗೆ ಎಣ್ಣೆ ಬೆರೆಯಿತು, ಪ್ರಯೋಗಾಲಯದಲ್ಲಿ ಎದುರು ವಕೀಲರಿಗೆ ಒಳ್ಳೆ ವಾದ ಸಿಕ್ಕಿತು. ತೊಳೆದ ನೀರು ಮತ್ತೆ ಕಡಲಿಗೇ ಹೋಗುತ್ತದೆ. ಹೂತ ಉಂಡೆ ಅಲೆ ಬಂದಾಗ ಮೇಲೆ ಬರುತ್ತದೆ. ಒಬ್ಬರ ಜೀವನದ ಪ್ರಶ್ನೆ ಇದು.

ಮಡಗಾಂವ್, ಸದಸ್ಯ: ಒಳ್ಳೆಯದಕ್ಕೆ ಹೇಳಿದೆ. ಇಷ್ಟು ಸಿಟ್ಟು ಯಾಕೆ?

ಪೊಂಡಾ, ಗುತ್ತಿಗೆದಾರ: ಗಡಿ ದಾಟಿದ ಕೇಸು ಅಂದರೆ ಮೊದಲು ಮಹದಾಯಿ ಬಗ್ಗೆ ಹೇಳಿ. ಗೋವಾದ ನೀರು ತಿರುಗಿಸುವುದು ಪರಿಸರ ಹಾನಿ ಅಲ್ವಾ?

ಕಲ್ಯಾಣ್, ಹುಬ್ಬಳ್ಳಿ ಮೂಲ: ಗೋವಾದ ನೀರಾ? ಹೊಳೆ ಹುಟ್ಟುವುದೇ ನಮ್ಮ ಖಾನಾಪುರದಲ್ಲಿ. ನೀವು ಕನ್ನಡದವರಾಗಿ ಹೀಗೆ ಮಾತಾಡುತ್ತೀರಲ್ಲ.

ಪೊಂಡಾ, ಗುತ್ತಿಗೆದಾರ: ನಾನು ಇಲ್ಲಿಯ ನೀರು ಕುಡಿದು ಬದುಕುವವನು. ಹರಿವು ಕಡಿಮೆಯಾದರೆ ಉಪ್ಪುನೀರು ಮೇಲಕ್ಕೆ ಬರುತ್ತದೆ. ನಿಮಗೆ ಅದು ಕಾಣುವುದಿಲ್ಲ.

ವಕೀಲರು: ಅದು ರಾಜ್ಯಗಳ ನಡುವಿನ ವಿವಾದ. 1956ರ ಕಾಯ್ದೆಯ ಪ್ರಕಾರ ನಡೆದದ್ದು, ದೇಶದ ಗಡಿ ಅಲ್ಲ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಮಲಪ್ರಭಾಕ್ಕೆ ತಿರುಗಿಸುವುದು 3.9 ಮಾತ್ರ, 8.02 ವಿದ್ಯುತ್ತಿಗೆ. ಇಲ್ಲಿಗೆ ಸಾಕು.

ಕಲ್ಯಾಣ್, ಹುಬ್ಬಳ್ಳಿ ಮೂಲ: ನೋಡಿದಿರಾ, ಬರೀ 3.9. ಅದಕ್ಕೂ ಗಲಾಟೆ.

ಪೊಂಡಾ, ಗುತ್ತಿಗೆದಾರ: ಮಾತ್ರ ಅನ್ನುವುದು ಸುಲಭ. ಕಾಡು, ಹುಲಿ ಯಾರ ಲೆಕ್ಕ?

ಕಲ್ಯಾಣ್, ಹುಬ್ಬಳ್ಳಿ ಮೂಲ: ನರಗುಂದ, ನವಲಗುಂದದ ಜನ ಯಾರ ಲೆಕ್ಕ? ಬಾಯಿ ಮುಚ್ಚಿಕೊಂಡಿರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಕಮೆಂಟ್ ಬಂದರೆ ತೆಗೆಯುತ್ತೇನೆ.

ಮೀರಾ ರೋಡ್, ಸದಸ್ಯ: ಅಮೆರಿಕದ ಕೋರ್ಟಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಿಸಬಹುದಾ?

ವಕೀಲರು: ಇಲ್ಲ. ಯಾವ ದೇಶಗಳ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಬಹುದು ಅನ್ನುವುದಕ್ಕೆ ಒಂದು ಪಟ್ಟಿ ಇದೆ, ಅಮೆರಿಕ ಆ ಪಟ್ಟಿಯಲ್ಲಿಲ್ಲ. ಇಂಗ್ಲೆಂಡ್, ಸಿಂಗಾಪುರ ಇವೆ. ಅಮೆರಿಕದ ಡಿಕ್ರಿ ಇದ್ದರೆ ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹಾಕಬೇಕು.

ನವಿ ಮುಂಬೈ, ಸದಸ್ಯೆ: ಹೇಗ್ ಕೋರ್ಟಿಗೆ ಇಮೇಲ್ ಐಡಿ ಏನು? ಸಹಿ ಸಂಗ್ರಹ ಶುರು ಮಾಡಿದ್ದೇವೆ.

ವಕೀಲರು: ಮೇಲೆ ಉತ್ತರ ಇದೆ. ಓದಿ.

ಪನ್ವೇಲ್, ಗೃಹಿಣಿ: ನನ್ನ ನಾಲೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ವಾಸ್ಕೊ, ಮೀನುಗಾರ: ಅಕ್ಕಾ, ಬಲೆಯ ಎರಡು ತುಂಡು ಮನೆ ಹಿಂದೆ ಸಿಕ್ಕಿವೆ, ತೊಳೆದಿಲ್ಲ. ಆದರೆ ನನ್ನ ಭಾವ ಆಗಲೇ ಸಹಿ ಹಾಕಿ ಆಧಾರ್ ಕೊಟ್ಟಿದ್ದಾನೆ. ಆ ಮನುಷ್ಯ ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನೆ.

ವಕೀಲರು: ತುಂಡುಗಳನ್ನು ಇವತ್ತೇ ಬಾಟಲಿಗೆ ಹಾಕಿ, ಹಾಕುವಾಗ ಫೋಟೋ ತೆಗೆಯಿರಿ. ನಾಳೆ ಭಾವ ಒಬ್ಬರೇ ಹೋಗುವುದು ಬೇಡ, ಓಣಿಯವರೆಲ್ಲ ಒಟ್ಟಿಗೆ ನಿಲ್ಲಿ. ಸಹಿ ಹಾಕಿದ ಕಾಗದದ ಪ್ರತಿ ಕೇಳಿ. ಕೊಟ್ಟ ಅಧಿಕಾರ ವಾಪಸ್ ಪಡೆದಿದ್ದೇವೆ ಅಂತ ಬರೆದು, ಅವನ ಕೈಯಲ್ಲಿ ತಲುಪಿದೆ ಅಂತ ಸಹಿ ಮಾಡಿಸಿ. ಮಾಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಅಲ್ಲಿಗೂ ಹೋಗಿ. ಕಾಗದದ ಫೋಟೋ ನನಗೆ ಖಾಸಗಿಯಾಗಿ ಕಳಿಸಿ. ಇಲ್ಲಿ ಹಾಕಬೇಡಿ.