ಅಪ್‌ಡೇಟ್: ಅಮ್ಮನ ಸಂಧಿವಾತ ಮತ್ತು ಅಮೃತಬಳ್ಳಿಯ ಕಷಾಯ

ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವ ನಮ್ಮ ಅಮ್ಮನಿಗೆ, ಅದನ್ನು ಬಿಡಿಸಿ ಅಮೃತಬಳ್ಳಿಯ ಕಷಾಯ ಕೊಡಬಹುದೇ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಕಾಳಜಿಯಿಂದ ಉತ್ತರಿಸಿದವರಿಗೆಲ್ಲ ಮುಂದೇನಾಯಿತೆಂದು ತಿಳಿಸಬೇಕೆನಿಸಿತು.

ಹಲವರು ಸೂಚಿಸಿದಂತೆ, ಕಷಾಯ ಆರಂಭಿಸುವ ಮೊದಲೇ ಸಂಧಿವಾತ ತಜ್ಞರನ್ನು ಕಂಡೆವು. ಮೆಥೋಟ್ರೆಕ್ಸೇಟ್ ಯಕೃತ್ತನ್ನು ಬಾಧಿಸಬಲ್ಲದಾದ್ದರಿಂದಲೇ ಆಗಾಗ ರಕ್ತಪರೀಕ್ಷೆ ಮಾಡಿಸುವುದೆಂದೂ, ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರೆಂದೂ ಅವರು ವಿವರಿಸಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲವೆಂಬುದು ನಿಜ; ಆದರೂ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದಿರುವ ಕಾಯಿಲೆಯಲ್ಲಿ, ಅದೇ ವ್ಯವಸ್ಥೆಯನ್ನು ಚುರುಕುಗೊಳಿಸಲೆಂದು ಜನ ಬಳಸುವ ಮೂಲಿಕೆಯನ್ನು ಸೇರಿಸಲು ನನಗೆ ಧೈರ್ಯವಾಗಲಿಲ್ಲ. ಅಮ್ಮನ ಮನಸ್ಸಿಗೆ ನಾಟಿದ್ದು ಬೇರೆಯೇ ಮಾತು: ಮಾತ್ರೆ ಬಿಟ್ಟ ಅವಧಿಯಲ್ಲಿ ಸವೆದ ಕೀಲು, ಮತ್ತೆ ಮಾತ್ರೆ ಆರಂಭಿಸಿದರೂ ಮೊದಲಿನಂತಾಗುವುದಿಲ್ಲ.

ನಂತರ ಭೇಟಿಯಾದ ಆಯುರ್ವೇದ ವೈದ್ಯೆಯೂ ಮಾತ್ರೆಯನ್ನು ನಿಲ್ಲಿಸಬೇಡಿರೆಂದೇ ಹೇಳಿ, ಊತವಿಲ್ಲದ ದಿನಗಳಲ್ಲಿ ಮಾತ್ರ ಬೆಚ್ಚಗಿನ ಎಣ್ಣೆ ಹಚ್ಚಿಕೊಳ್ಳಲು ಮತ್ತು ಸರಳ ಯೋಗಾಸನ ಮಾಡಲು ಸಲಹೆ ನೀಡಿದರು. ಅವರ ಈ ಪ್ರಾಮಾಣಿಕತೆಗೆ ನಾನು ಋಣಿ. ಪರಿಚಿತರೊಬ್ಬರು ಕೊಟ್ಟಿದ್ದ, ಒಳಗೇನಿದೆಯೆಂದು ಬರೆದಿರದ ಚೂರ್ಣದ ಪೊಟ್ಟಣವನ್ನು ಎಸೆದೆವು. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್, ಸೀಸ ಪತ್ತೆಯಾಗಿರುವುದುಂಟು.

ಬೆಳಗಿನ ಬಿಗಿತ ಪೂರ್ತಿ ಹೋಗಿಲ್ಲ, ಆದರೆ ಅಮ್ಮ ಈಗ ತಾವೇ ಚಪಾತಿ ಹಿಟ್ಟು ನಾದುತ್ತಾರೆ. ಮುಂದಿನ ರಕ್ತಪರೀಕ್ಷೆ ಬರುವ ತಿಂಗಳಿದೆ.